ಮರೆಯಲ್ಲಿರಲು ಮಂದಿ ಬೇಕು

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಮುಕ್ತ ತಂತ್ರಾಂಶ ಬಳಗಗಳಿಗೆ ಒಂದು ಬಹಿರಂಗ ಪತ್ರ



ಹೊಸದಾಗಿ ಕಾಲೇಜಿಗೆ ಬಂದವರ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡುವವರು ನೀವು. ರಜೆಯ ದಿನಗಳಲ್ಲಿ ಶಿಬಿರ ನಡೆಸಿ, ಗೊತ್ತಿಲ್ಲದವರ ಪಕ್ಕದಲ್ಲಿ ಕೂತು, ಒಂದೊಂದು ಕಮಾಂಡನ್ನೂ ಬಿಡಿಸಿ ಹೇಳುವ ತಾಳ್ಮೆ ನಿಮಗಿದೆ. ಆ ತಾಳ್ಮೆಯನ್ನು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಐಟುಪಿ ಎಂಬ ಖಾಸಗಿ ಜಾಲದ ತಂತ್ರಾಂಶವನ್ನು ನೀವು ನಿಮ್ಮ ನಿಮ್ಮ ಊರುಗಳಲ್ಲಿ, ನಿಮ್ಮ ಮನೆಯ ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಬೇಕು. ಎರಡು ದಿನ ನೋಡಿ ತೆಗೆದುಬಿಡದೆ ಓಡಲು ಬಿಡಬೇಕು. ಯಾಕೆ, ಹೇಗೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು ಇಂದಿಗೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. ಸಂವಿಧಾನದಲ್ಲಿ ಖಾಸಗಿತನದ ಮೂಲಭೂತ ಹಕ್ಕು ಇಲ್ಲವೆಂದು ಕೇಂದ್ರ ಸರ್ಕಾರದ ಪರವಾಗಿ ವಾದಿಸಲಾಯಿತು. ಜೀವಿಸುವ ಹಕ್ಕನ್ನು ಕೊಡುವ 21ನೇ ವಿಧಿಯಲ್ಲೇ ಅದು ಅಡಕವಾಗಿದೆ ಎಂದು ಪೀಠ ಹೇಳಿತು. ನಮ್ಮ ನಾಡಿನ ಹಿರಿಯರೊಬ್ಬರು ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಎಲ್ಲರಿಗೂ ದಕ್ಕಿಸಿಕೊಟ್ಟ ಹಕ್ಕು ಇದು. ಹಕ್ಕು ಇದೆ ಎಂದು ಹೇಳುವುದು ಕೋರ್ಟಿನ ಕೆಲಸ. ದಿನವೂ ಜಾಲದಲ್ಲಿ ಹರಿಯುವ ಮಾತುಕತೆಯಲ್ಲಿ ಅದನ್ನು ಉಳಿಸಿಕೊಡುವುದು ತಂತ್ರ ಬಲ್ಲವರ ಕೆಲಸ.

ಎಲ್ಲ ಜಾಲತಾಣಗಳೂ ಈಗ ಎಚ್‌ಟಿಟಿಪಿಎಸ್ ಬಳಸುತ್ತವೆ, ವಾಟ್ಸಾಪ್ ಸಂದೇಶವೂ ಗೂಢಲಿಪಿಯಲ್ಲೇ ಹೋಗುತ್ತದೆ, ಇನ್ನೇನು ಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆಡಿದ ಮಾತು ಗುಟ್ಟಾಗಿರುತ್ತದೆ, ನಿಜ. ಯಾರು ಯಾರೊಂದಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ, ಎಲ್ಲಿಂದ ಮಾತಾಡಿದರು ಎಂಬುದು ಬಯಲಲ್ಲೇ ಇರುತ್ತದೆ. ಗಂಡನ ಹೊಡೆತ ತಾಳಲಾರದೆ ನಡುರಾತ್ರಿ ಸಹಾಯವಾಣಿಯ ತಾಣ ತೆರೆದ ಹೆಣ್ಣುಮಗಳು, ಕಾರ್ಖಾನೆಯ ಕೊಳಕು ನೀರು ಕೆರೆಗೆ ಸೇರುತ್ತಿರುವುದನ್ನು ಪತ್ರಕರ್ತರಿಗೆ ತಿಳಿಸಿದ ನೌಕರ, ಎಚ್‌ಐವಿ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಹುಡುಕಿದ ಹುಡುಗ: ಇವರ ವಿಷಯ ತಿಳಿಯಲು ಮಾತನ್ನು ಓದಬೇಕಾಗಿಯೇ ಇಲ್ಲ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಸಂಪರ್ಕವಾಯಿತು ಎಂಬ ಒಂದು ಸಾಲಿನ ದಾಖಲೆ ಸಾಕು.

ಹಾಗಾದರೆ ವಿಪಿಎನ್ ಸಾಲದೇ? ವಿಪಿಎನ್ ಹಾಕಿಕೊಂಡಾಗ ಆ ದಾಖಲೆ ಇಂಟರ್‌ನೆಟ್ ಕಂಪನಿಯ ಕೈಯಿಂದ ವಿಪಿಎನ್ ಕಂಪನಿಯ ಕೈಗೆ ದಾಟುತ್ತದೆ, ಅಷ್ಟೇ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಅವರಿಗೆ ಕೊಟ್ಟ ಐಪಿ ವಿಳಾಸಗಳನ್ನು ಐದು ವರ್ಷ ಕಾದಿಡಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕಂಪನಿಗಳು ಆ ವರ್ಷವೇ ಭಾರತದ ನೆಲದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಎಲ್ಲರ ಗುಟ್ಟೂ ಒಂದೇ ಕಂಪನಿಯ ಒಂದೇ ಕಡತದಲ್ಲಿದ್ದರೆ ಅದನ್ನು ಕೇಳಿ ಪಡೆಯಬಹುದು, ಕದಿಯಬಹುದು, ಮಾರಲೂಬಹುದು. ಯಾರೊಬ್ಬರ ಕೈಯಲ್ಲೂ ಗುಟ್ಟು ಇಡಿಯಾಗಿ ಸಿಗದಂತೆ ಹಂಚಿಹೋಗಿರುವುದೊಂದೇ ಇದಕ್ಕೆ ಮದ್ದು.

ಈ ಹಂಚಿಕೆಯ ವಿಚಾರ ಹೊಸದೇನಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಆನಿಯನ್ ರೌಟಿಂಗ್ ಹುಟ್ಟಿತು, ಅದರಿಂದ ಟಾರ್ ಬೆಳೆಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಕ್ಲಾರ್ಕ್ 1999ರಲ್ಲಿ ಬರೆದ ಪ್ರಬಂಧದಿಂದ ಫ್ರೀನೆಟ್ ಬಂತು. ಐಟುಪಿಯ ಕೆಲಸ 2003ರಲ್ಲಿ ಶುರುವಾಯಿತು. ಟಾರ್ ಬಳಸುವವರು ಲಕ್ಷಾಂತರ ಮಂದಿ. ಅವರ ಸಂದೇಶಗಳನ್ನು ಹೊತ್ತು ದಾಟಿಸುವ ರಿಲೇಗಳು ಕೆಲವು ಸಾವಿರ ಮಾತ್ರ, ಏಕೆಂದರೆ ಬಳಸುವವರ ಕಂಪ್ಯೂಟರು ತಾನಾಗಿಯೇ ರಿಲೇ ಆಗುವುದಿಲ್ಲ. ಐಟುಪಿ ಬೇರೆ ದಾರಿ ಹಿಡಿಯಿತು. ಇಲ್ಲಿ ಬಳಸುವ ಪ್ರತಿಯೊಬ್ಬರ ಕಂಪ್ಯೂಟರೂ, ವಿಶೇಷ ಕಾರಣವಿಲ್ಲದಿದ್ದರೆ, ಬೇರೆಯವರ ಸಂದೇಶಗಳನ್ನು ಹೊತ್ತು ದಾಟಿಸುತ್ತದೆ.

ಹಳ್ಳಿಯಿಂದ ಬಂದ ನಿಮ್ಮಲ್ಲಿ ಹಲವರಿಗೆ ಮುಯ್ಯಾಳು ಪದ್ಧತಿ ಗೊತ್ತಿರುತ್ತದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಯ ನಾಟಿಗೆ ನೀವು. ಕೂಲಿ ಯಾರೂ ಕೊಡುವುದಿಲ್ಲ, ಆದರೆ ತನ್ನ ಕೆಲಸ ಮುಗಿದ ಮೇಲೆ ಬೇರೆಯವರ ಗದ್ದೆಗೆ ಇಳಿಯದವನಿಗೆ ಮುಂದಿನ ವರ್ಷ ಆಳು ಸಿಗುವುದಿಲ್ಲ. ಐಟುಪಿ ನಿಂತಿರುವುದು ಈ ನೇಮದ ಮೇಲೆ. ನಿಮ್ಮ ಮಾತು ಮರೆಯಾಗಿ ಹೋಗಬೇಕಾದರೆ ಗುರುತಿಲ್ಲದ ಹಲವರು ಅದನ್ನು ಹೊರಬೇಕು, ಅವರ ಮಾತನ್ನು ನೀವು ಹೊರಬೇಕು. ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ.

ಒಳಗೆ ನಡೆಯುವುದನ್ನು ಈಗ ನೋಡೋಣ. ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಐಟುಪಿ ತಂತ್ರಾಂಶವನ್ನು ರೌಟರ್ ಎನ್ನುತ್ತಾರೆ. ಅದು ಜಾಲದ ಬೇರೆ ರೌಟರುಗಳನ್ನು ಆರಿಸಿಕೊಂಡು ಸುರಂಗಗಳನ್ನು ಕಟ್ಟುತ್ತದೆ. ಸುರಂಗಗಳು ಏಕಮುಖ: ಕಳಿಸಲು ಒಂದು, ಪಡೆಯಲು ಇನ್ನೊಂದು. ಸಾಮಾನ್ಯವಾಗಿ ಒಂದೊಂದರಲ್ಲೂ ಮೂರು ರೌಟರುಗಳಿರುತ್ತವೆ. ನೀವು ಕಳಿಸಿದ್ದು ನಿಮ್ಮ ಹೊರಸುರಂಗದ ಮೂರನ್ನು, ಆಮೇಲೆ ಅತ್ತ ಕಡೆಯವರ ಒಳಸುರಂಗದ ಮೂರನ್ನು ದಾಟಿ ಮುಟ್ಟುತ್ತದೆ. ಉತ್ತರ ಬರುವುದು ಬೇರೆಯೇ ಎರಡು ಸುರಂಗಗಳ ಮೂಲಕ. ನಡುವಿನ ರೌಟರಿಗೆ ಗೊತ್ತಿರುವುದು ತನ್ನ ಹಿಂದೆ ಯಾರು, ಮುಂದೆ ಯಾರು ಎಂಬಷ್ಟೇ. ಹತ್ತು ನಿಮಿಷಕ್ಕೆ ಸುರಂಗದ ಆಯುಷ್ಯ ಮುಗಿದು ಹೊಸದು ಕಟ್ಟಿಕೊಳ್ಳುತ್ತದೆ. ಹಲವು ಸಂದೇಶಗಳನ್ನು ಒಂದೇ ಗೂಢಲಿಪಿಯ ಕಟ್ಟಿನಲ್ಲಿ ಸೇರಿಸಿ ಕಳಿಸುವ ಈ ಬಗೆಗೆ ಗಾರ್ಲಿಕ್ ರೌಟಿಂಗ್ ಎಂದು ಹೆಸರು. ಯಾವ ರೌಟರ್ ಎಲ್ಲಿದೆ ಎಂಬ ದಾಖಲೆಗೂ ಕೇಂದ್ರ ಸರ್ವರ್ ಇಲ್ಲ. ಫ್ಲಡ್‌ಫಿಲ್ ಎಂಬ ಹೊಣೆ ಹೊತ್ತ ರೌಟರುಗಳು ಅದನ್ನು ತಮ್ಮೊಳಗೆ ಹಂಚಿಕೊಂಡಿರುತ್ತವೆ. ಪಠ್ಯದಲ್ಲಿ ಕಡೆಮ್ಲಿಯ ಅಲ್ಗಾರಿದಂ ಓದಿದವರು ಅದರ ದೂರ ಅಳೆಯುವ ಬಗೆ ಇಲ್ಲಿ ದಿನವಿಡೀ ದುಡಿಯುವುದನ್ನು ಕಣ್ಣಾರೆ ನೋಡಬಹುದು.

ಇಂಥ ಕಟ್ಟೋಣ ಎಷ್ಟು ಗಟ್ಟಿ ಎಂಬುದಕ್ಕೆ ಯೋಜನೆಯ ಚರಿತ್ರೆಯಲ್ಲೇ ಉತ್ತರವಿದೆ. ಜೆರಾಂಡಮ್ ಎಂಬ ಗುಪ್ತನಾಮದಲ್ಲಿ ಯೋಜನೆಯನ್ನು ಮುನ್ನಡೆಸುತ್ತಿದ್ದವರು 2007ರ ಕೊನೆಯಲ್ಲಿ ದೂರ ಸರಿದರು. 2008ರ ಜನವರಿಯಲ್ಲಿ ಯೋಜನೆಯ ಸರ್ವರುಗಳಿದ್ದ ಕಡೆ ವಿದ್ಯುತ್ ಹೋಗಿ ಅವುಗಳಲ್ಲಿ ಬಹುಪಾಲು ನಿಂತುಹೋದವು. ಮುಖ್ಯಸ್ಥರಿಲ್ಲ, ಸರ್ವರಿಲ್ಲ. ಆದರೂ ಜಾಲ ಸಾಯಲಿಲ್ಲ, ಏಕೆಂದರೆ ಅದು ಇದ್ದದ್ದು ಬಳಕೆದಾರರ ಕಂಪ್ಯೂಟರುಗಳಲ್ಲಿ. ಉಳಿದ ಸ್ವಯಂಸೇವಕರು ಕೆಲಸವನ್ನು ಕೈಗೆತ್ತಿಕೊಂಡರು, ಅದು ಇಂದಿಗೂ ಮುಂದುವರಿದಿದೆ.

ಈಗ ಹಾಕಿಕೊಳ್ಳುವ ಬಗೆ. ಎರಡು ತಂತ್ರಾಂಶಗಳಿವೆ. ಜಾವಾದಲ್ಲಿ ಬರೆದ ಮೂಲ ಐಟುಪಿಯಲ್ಲಿ ಟೊರೆಂಟ್, ಇಮೇಲ್, ವೆಬ್ ಸರ್ವರ್ ಎಲ್ಲ ಒಟ್ಟಿಗೆ ಬರುತ್ತವೆ. ಕಲಿಯಲು ಇದೇ ಒಳ್ಳೆಯದು. ಐಟುಪಿಡಿ ಎಂಬುದು ಸಿ++ನಲ್ಲಿ ಬರೆದದ್ದು, ಹಗುರ. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಅಥವಾ ರಾಸ್ಪ್‌ಬೆರಿ ಪೈಗೆ ಇದು ಸರಿ. ಡೆಬಿಯನ್ ಭಂಡಾರದಲ್ಲಿ ಐಟುಪಿಡಿ ಸಿಗುತ್ತದೆ. ವಿಂಡೋಸಿಗೆ ಬೇಕಾದರೆ ಯೋಜನೆಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಜೊತೆಗಿರುವ ಡಿಜಿಟಲ್ ಸಹಿಯನ್ನು ತಾಳೆ ನೋಡಿ. ಗೆಳೆಯರ ಪೆನ್‌ಡ್ರೈವಿನಿಂದ ಬೇಡ. ರೂಟ್ ಬಳಕೆದಾರನಾಗಿ ಓಡಿಸುವುದೂ ಬೇಡ.

ಜಾವಾ ಐಟುಪಿಯನ್ನು ಮೊದಲ ಸಲ ಓಡಿಸಿದಾಗ ಬ್ರೌಸರಿನಲ್ಲಿ 127.0.0.1ರ 7657ನೇ ಪೋರ್ಟಿನಲ್ಲಿ ಕನ್ಸೋಲ್ ತೆರೆದುಕೊಳ್ಳುತ್ತದೆ. ಮೊದಲ ಕೆಲವು ರೌಟರುಗಳ ವಿಳಾಸ ಪಡೆಯಲು ಅದು ರೀಸೀಡ್ ಸರ್ವರುಗಳನ್ನು ಸಂಪರ್ಕಿಸುತ್ತದೆ. ಆಮೇಲೆ ಕಾಯಬೇಕು. ಹತ್ತು ಹದಿನೈದು ನಿಮಿಷ ಏನೂ ಸರಿಯಾಗಿ ತೆರೆಯದಿದ್ದರೆ ಗಾಬರಿ ಬೇಡ, ಮತ್ತೆ ಮತ್ತೆ ನಿಲ್ಲಿಸಿ ಶುರು ಮಾಡಬೇಡಿ. ಯಾರು ವೇಗವಾಗಿದ್ದಾರೆ, ಯಾರು ನೆಚ್ಚಿಕೆಗೆ ಅರ್ಹರು ಎಂದು ರೌಟರ್ ತಾನೇ ಬಳಸಿ ನೋಡಿ ಅರಿಯುತ್ತದೆ. ಓಡಿದಷ್ಟೂ ಅದು ಪಳಗುತ್ತದೆ. ಶಿಬಿರದಲ್ಲಿ ತೋರಿಸುವುದಾದರೆ ಹಿಂದಿನ ದಿನವೇ ಓಡಿಸಿಡಿ.

ಮುಂದೆ ಬ್ಯಾಂಡ್‌ವಿಡ್ತ್. ನಿಮ್ಮ ಸಂಪರ್ಕದ ವೇಗವನ್ನು ನಿಜವಾಗಿ ಅಳೆದು ಅಲ್ಲಿ ತುಂಬಿ. ಅದರಲ್ಲಿ ಶೇಕಡಾ 80ರಷ್ಟು ಪಾಲನ್ನು ಬೇರೆಯವರಿಗಾಗಿ ಮೀಸಲಿಡುವುದು ಜಾವಾ ಐಟುಪಿಯ ವಾಡಿಕೆ. ಮನೆಯ ಫೈಬರ್ ಪ್ಲಾನಿಗೆ ತಿಂಗಳ ಮಿತಿ ಇದ್ದರೆ ವೇಗವನ್ನು ಇಳಿಸಿಕೊಳ್ಳಿ. ಮೊಬೈಲ್ ಡೇಟಾದಲ್ಲಿ ದಿನವಿಡೀ ಓಡಿಸಬೇಡಿ. ಕಡಿಮೆ ಕೊಟ್ಟರೂ ಎಡೆಬಿಡದೆ ಕೊಡುವ ರೌಟರಿನಿಂದ ಜಾಲಕ್ಕೆ ಹೆಚ್ಚು ಉಪಯೋಗ.

ನಮ್ಮ ಕಡೆ ಹೆಚ್ಚಾಗಿ ಎಡವುವುದು ಮೂರು ಕಡೆ. ಮೊದಲನೆಯದು ಕನ್ಸೋಲಿನಲ್ಲಿ ಕಾಣುವ ‘ಫೈರ್‌ವಾಲ್ಡ್’ ಎಂಬ ಸೂಚನೆ. ಐಟುಪಿ ತನಗಾಗಿ 9000ದಿಂದ 31000ದ ನಡುವೆ ಒಂದು ಪೋರ್ಟ್ ಆರಿಸಿಕೊಂಡಿರುತ್ತದೆ. ಮನೆಯ ವೈಫೈ ರೌಟರಿನಲ್ಲಿ ಆ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ಫಾರ್ವರ್ಡ್ ಮಾಡಿದರೆ ಹೊರಗಿನವರು ನಿಮ್ಮನ್ನು ನೇರವಾಗಿ ಮುಟ್ಟಬಹುದು. ಒಂದೇ ಐಪಿ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವ ಕಂಪನಿಯ ಸಂಪರ್ಕದಲ್ಲಿ ಇದು ಆಗದು. ಆಗ ಐಪಿವಿ6 ಇದೆಯೇ ನೋಡಿ, ಎಷ್ಟೋ ಸಲ ಅದೇ ದಾರಿ ತೋರುತ್ತದೆ. ಇಲ್ಲದಿದ್ದರೂ ಐಟುಪಿ ಕೆಲಸ ಮಾಡುತ್ತದೆ, ಬೇರೆ ರೌಟರುಗಳು ಪರಿಚಯ ಮಾಡಿಕೊಡುತ್ತವೆ. ಎರಡನೆಯದು ಗಡಿಯಾರ. ನಿಮಿಷದಷ್ಟು ಹಿಂದುಮುಂದಾದರೂ ಉಳಿದ ರೌಟರುಗಳು ಸಂಪರ್ಕ ನಿರಾಕರಿಸುತ್ತವೆ. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ. ಮೂರನೆಯದು ಬ್ರೌಸರ್. ಐಟುಪಿಗಾಗಿ ಫೈರ್‌ಫಾಕ್ಸಿನಲ್ಲಿ ಬೇರೆಯದೇ ಪ್ರೊಫೈಲ್ ಮಾಡಿ, ಪ್ರಾಕ್ಸಿಯಲ್ಲಿ 127.0.0.1, ಪೋರ್ಟ್ 4444 ಕೊಡಿ. ಐಟುಪಿ ತಾಣಗಳ ವಿಳಾಸ ಸಾಮಾನ್ಯವಾಗಿ ಎಚ್‌ಟಿಟಿಪಿ ಎಂದೇ ಇರುತ್ತದೆ. ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಿದರೂ ಜಾಲವೇ ತುದಿಯಿಂದ ತುದಿಗೆ ಗೂಢಲಿಪಿ ಹಾಕಿರುತ್ತದೆ.

ಆ ಪ್ರೊಫೈಲಿನಲ್ಲಿ ನಿಮ್ಮ ಜಿಮೇಲ್, ಫೇಸ್‌ಬುಕ್, ಕಾಲೇಜಿನ ಖಾತೆ ಯಾವುದನ್ನೂ ತೆರೆಯಬೇಡಿ. ಹೊರಗೆ ಬಳಸುವ ಅಡ್ಡಹೆಸರನ್ನು ಒಳಗೂ ಬಳಸಬೇಡಿ. ಐಟುಪಿ ಮುಖ್ಯವಾಗಿ ತನ್ನೊಳಗಿನ ತಾಣಗಳಿಗಾಗಿ ಕಟ್ಟಿದ ಜಾಲ. ಹೊರಗಿನ ಸಾಮಾನ್ಯ ಜಾಲತಾಣಗಳನ್ನು ಗುರುತು ಮರೆಸಿ ನೋಡಬೇಕಾದವರಿಗೆ ಟಾರ್ ಬ್ರೌಸರ್ ಹೇಳಿಕೊಡಿ. ಎರಡಕ್ಕೂ ಅದರದರ ಜಾಗವಿದೆ.

ನಿಮ್ಮಂಥವರಿಗೆ ಅತ್ಯಂತ ಹಿಡಿಸುವ ಭಾಗ ಇನ್ನು ಮುಂದಿದೆ. ಜಾವಾ ಐಟುಪಿಯೊಂದಿಗೆ ಬರುವ ವೆಬ್ ಸರ್ವರಿನಲ್ಲಿ ನೀವೇ ತಾಣ ಕಟ್ಟಬಹುದು. ಡೊಮೈನ್ ಕೊಳ್ಳಬೇಕಿಲ್ಲ, ಸ್ಥಿರ ಐಪಿ ಬೇಕಿಲ್ಲ, ಹೋಸ್ಟಿಂಗಿಗೆ ಹಣ ಕಟ್ಟಬೇಕಿಲ್ಲ. ಹಂಚಿಕೆಯ ಐಪಿಯ ಹಿಂದೆ ಕೂತ ಮನೆಯ ಕಂಪ್ಯೂಟರಿನಿಂದಲೇ ತಾಣ ಜಗತ್ತಿಗೆ ತೆರೆದುಕೊಳ್ಳುತ್ತದೆ. ಅದರ ವಿಳಾಸ ಗೂಢಲಿಪಿಯ ಕೀಲಿಯಿಂದ ಹುಟ್ಟುವ 52 ಅಕ್ಷರಗಳ ಸಾಲು. ನೆನಪಿಗೆ ಸುಲಭವಾದ ಹೆಸರುಗಳನ್ನು ಪ್ರತಿಯೊಬ್ಬರೂ ತಮ್ಮ ವಿಳಾಸ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಾರೆ, ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ನಡುವೆ ಯಾವ ಕಚೇರಿಯೂ ಇಲ್ಲ. ಬಳಗದ ಟಿಪ್ಪಣಿಗಳು, ಹಕ್ಕುಸ್ವಾಮ್ಯದ ತೊಡಕಿಲ್ಲದ ಪುಸ್ತಕಗಳು, ಕನ್ನಡದ ಕೈಪಿಡಿಗಳು ಅಲ್ಲಿ ಬರಲಿ.

ಇನ್ನು ನಿಮ್ಮ ಮನೆಯವರು, ಮೇಷ್ಟರು ಕೇಳುವ ಪ್ರಶ್ನೆ: ಕಳ್ಳರೂ ಇದನ್ನೇ ಬಳಸುವುದಿಲ್ಲವೇ? ಬಳಸುತ್ತಾರೆ, ಅದನ್ನು ಮುಚ್ಚಿಡಬಾರದು. ಆದರೆ ಕಳ್ಳನಿಗೆ ಬೇರೆ ದಾರಿಗಳಿವೆ: ಕದ್ದ ಫೋನು, ಬೇನಾಮಿ ಸಿಮ್ಮು, ಇನ್ನೊಬ್ಬರ ಕಂಪ್ಯೂಟರಿನೊಳಗೆ ನುಸುಳುವ ಚಾಳಿ. ಕಾನೂನು ಮೀರಲು ಒಲ್ಲದ ಹೆಣ್ಣುಮಗಳಿಗೆ, ನೌಕರನಿಗೆ, ಪತ್ರಕರ್ತನಿಗೆ ಆ ದಾರಿಗಳಿಲ್ಲ. ಇಂಥ ಜಾಲಗಳನ್ನು ಮುಚ್ಚಿದರೆ ಮೊದಲು ಬಯಲಿಗೆ ಬೀಳುವವರು ಅವರೇ. ಇನ್ನೊಂದು ಮಾತನ್ನೂ ಅವರಿಗೆ ತಿಳಿಸಿ: ನೀವು ಬೇರೆ ಏರ್ಪಾಡು ಮಾಡದ ಹೊರತು, ಯಾರದೋ ಸಂದೇಶ ನಿಮ್ಮ ಮನೆಯ ವಿಳಾಸದಿಂದ ಹೊರಗಿನ ಜಾಲತಾಣಕ್ಕೆ ಹೋಗುವುದಿಲ್ಲ. ನಿಮ್ಮ ರೌಟರ್ ದಾಟಿಸುವುದು ಗೂಢಲಿಪಿಯ ಕಟ್ಟುಗಳನ್ನು, ಅದೂ ಇನ್ನೊಂದು ಐಟುಪಿ ರೌಟರಿಗೆ ಮಾತ್ರ.

ಮಿತಿಗಳನ್ನೂ ಇಷ್ಟೇ ಸ್ಪಷ್ಟವಾಗಿ ಹೇಳಬೇಕು. ನೀವು ಐಟುಪಿ ಓಡಿಸುತ್ತಿದ್ದೀರಿ ಎಂಬುದು ಗುಟ್ಟಲ್ಲ. ನಿಮ್ಮ ರೌಟರಿನ ಐಪಿ ವಿಳಾಸ ಸಾಮಾನ್ಯವಾಗಿ ಜಾಲದ ದಾಖಲೆಯಲ್ಲಿ ಇರುತ್ತದೆ. ಗುಟ್ಟಾಗಿರುವುದು ಅದರೊಳಗೆ ನೀವು ಮಾಡುವ ಕೆಲಸ. ಫೋನಿಗೋ ಲ್ಯಾಪ್‌ಟಾಪಿಗೋ ಬೇಹುಗಾರ ತಂತ್ರಾಂಶ ಹೊಕ್ಕಿದ್ದರೆ ಯಾವ ಜಾಲವೂ ಕಾಪಾಡದು. ವೇಗ ಕಡಿಮೆ, ವಿಡಿಯೋ ನೋಡಲು ಇದು ತಕ್ಕದ್ದಲ್ಲ. ಕಾಲೇಜಿನ ಅಥವಾ ಹಾಸ್ಟೆಲಿನ ಜಾಲದಲ್ಲಿ ಅನುಮತಿ ಇಲ್ಲದೆ ಹಾಕಬೇಡಿ. ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ವಿಪಿಎನ್ ಬಳಕೆಯನ್ನೇ ನಿಷೇಧಿಸಿ ಆಡಳಿತ ಆದೇಶ ಹೊರಡಿಸಿದ್ದುಂಟು. ಆದ್ದರಿಂದ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಕಾನೂನು ತಿಳಿದು ನಡೆಯಿರಿ.

ಇಷ್ಟೆಲ್ಲ ಇದ್ದೂ ನಿಮ್ಮನ್ನೇ ಯಾಕೆ ಕೇಳುತ್ತಿದ್ದೇನೆ ಎಂದರೆ, ಈ ಜಾಲಕ್ಕೆ ಬೇಕಿರುವುದು ಹರಡಿಕೊಂಡ ಮಂದಿ. ಒಬ್ಬನೇ ನೂರಾರು ಸುಳ್ಳು ರೌಟರುಗಳನ್ನು ತುಂಬಿ ಜಾಲವನ್ನು ಆಕ್ರಮಿಸಲು ನೋಡುವುದುಂಟು. 2023ರ ಆರಂಭದಲ್ಲಿ ಇಂಥ ದಾಳಿಯಿಂದ ಐಟುಪಿ ಬಹಳ ನಿಧಾನವಾಗಿತ್ತು. ಪ್ರಾಮಾಣಿಕ ರೌಟರುಗಳು ಹೆಚ್ಚಿದಷ್ಟೂ ದಾಳಿ ದುಬಾರಿಯಾಗುತ್ತದೆ. ಹತ್ತಿರದ ಐಪಿ ವಿಳಾಸದ ಎರಡು ರೌಟರುಗಳನ್ನು ಒಂದೇ ಸುರಂಗಕ್ಕೆ ಸೇರಿಸದಂತೆ ಐಟುಪಿ ಎಚ್ಚರ ವಹಿಸುತ್ತದೆ. ಹಾಗಾಗಿ ಒಂದೇ ಲ್ಯಾಬಿನ ಹತ್ತು ಕಂಪ್ಯೂಟರುಗಳಿಗಿಂತ ಬೀದರಿನಲ್ಲೊಂದು, ಕಾರವಾರದಲ್ಲೊಂದು, ಚಾಮರಾಜನಗರದಲ್ಲೊಂದು, ಬೇರೆ ಬೇರೆ ಕಂಪನಿಗಳ ಸಂಪರ್ಕದಲ್ಲಿ ಓಡುವ ರೌಟರುಗಳಿಗೆ ಬೆಲೆ ಹೆಚ್ಚು. ಜಿಲ್ಲೆಜಿಲ್ಲೆಗಳಿಂದ ಬಂದು ಒಂದೆಡೆ ಕಲಿಯುವ ನಿಮ್ಮಷ್ಟು ಚೆನ್ನಾಗಿ ಇದನ್ನು ಬೇರೆ ಯಾರೂ ಮಾಡಲಾರರು.

ಆದ್ದರಿಂದ ನನ್ನ ಕೋರಿಕೆಗಳು ಇವು. ಮುಂದಿನ ಶಿಬಿರದಲ್ಲಿ ಅರ್ಧ ದಿನ ಇದಕ್ಕೆ ಇಡಿ. ಊರಿಗೆ ಹೋದಾಗ ಮನೆಯವರಿಗೆ ತಿಳಿಸಿ, ಒಪ್ಪಿಸಿ, ಹಳೆಯ ಕಂಪ್ಯೂಟರಿನಲ್ಲಿ ಐಟುಪಿಡಿ ಹಾಕಿ ಬನ್ನಿ. ಹಾಕಿಕೊಳ್ಳುವ ಕ್ರಮವನ್ನು ನಿಮ್ಮ ಕನ್ನಡದಲ್ಲಿ, ಚಿತ್ರಗಳ ಸಮೇತ ಬರೆಯಿರಿ. ನೆಟ್‌ವರ್ಕಿಂಗ್ ಕಲಿಸುವ ಮೇಷ್ಟರನ್ನು ಕರೆದು ತೋರಿಸಿ, ಪ್ರಾಜೆಕ್ಟಿನ ವಿಷಯವಾಗಿ ಕೇಳಿ. ನಿಮ್ಮ ಜಿಲ್ಲೆಯ ಪತ್ರಕರ್ತರಿಗೆ, ವಕೀಲರಿಗೆ, ಮಹಿಳಾ ಸಂಘಟನೆಗಳಿಗೆ ಅವರ ಬಳಿಗೇ ಹೋಗಿ ಹೇಳಿಕೊಡಿ. ರೌಟರನ್ನು ನಿಲ್ಲಿಸಲೇಬೇಕಾದಾಗ ಕರೆಂಟ್ ಎಳೆಯದೆ ಕನ್ಸೋಲಿನ ಶಟ್‌ಡೌನ್ ಗುಂಡಿ ಒತ್ತಿ ಹನ್ನೊಂದು ನಿಮಿಷ ಕಾಯಿರಿ. ನಿಮ್ಮ ಮೂಲಕ ಹೋಗುತ್ತಿರುವ ಸುರಂಗಗಳು ಅಷ್ಟರಲ್ಲಿ ತಮ್ಮ ಆಯುಷ್ಯ ಮುಗಿಸುತ್ತವೆ, ಯಾರ ಮಾತೂ ನಡುವೆ ಕಡಿಯುವುದಿಲ್ಲ.

ನಿಮ್ಮಲ್ಲಿ ಬಹಳ ಜನರಿಗೆ ಇವತ್ತು ಬಚ್ಚಿಡಬೇಕಾದದ್ದು ಏನೂ ಇರಲಿಕ್ಕಿಲ್ಲ. ಹಾಗಿದ್ದರೆ ನಿಮ್ಮ ರೌಟರ್ ಇನ್ನೂ ಹೆಚ್ಚು ಬೇಕು. ಭಯದಲ್ಲಿರುವವರು ಮಾತ್ರ ಇರುವ ಜಾಲದಲ್ಲಿ ಒಳಗೆ ಬಂದವರೆಲ್ಲರ ಮೇಲೂ ಅನುಮಾನ ಬೀಳುತ್ತದೆ. ಪುಸ್ತಕ ಹಂಚುವವರು, ಪಾಠ ಬರೆಯುವವರು, ಸುಮ್ಮನೆ ಹರಟುವವರು ತುಂಬಿದ ಜಾಲದಲ್ಲಿ ಭಯದಲ್ಲಿರುವವರು ಯಾರೆಂದು ಬೇರ್ಪಡಿಸಲಾಗದು. ನಿಮ್ಮ ಹೆಸರೂ ಗೊತ್ತಿಲ್ಲದ ಯಾರಿಗೋ ನೀವು ಕೊಡಬಹುದಾದ ರಕ್ಷಣೆ ಇದು. ಈ ರಜೆಯಲ್ಲೇ ಶುರು ಮಾಡಿ, ತೊಡಕು ಬಂದರೆ ಒಬ್ಬರಿಗೊಬ್ಬರು ಆಗಿ ಬಿಡಿಸಿಕೊಳ್ಳಿ, ಒಮ್ಮೆ ಹಾಕಿದ್ದನ್ನು ನಡೆಸಿಕೊಂಡು ಬನ್ನಿ.

ಇಂತಿ,
ನಿಮ್ಮ ಬಳಗದ ಹಿರಿಯ ಗೆಳೆಯ